ಕ್ಯಾನ್ ನೀರಿನ ಮೀನುಗಳು

"ಜಗತ್ತಿನಲ್ಲಿ ಇದುವರೆಗೆ ಮೀನು ಸಾಕಿದವರೆಲ್ಲ ತಪ್ಪಾಗಿಯೇ ಸಾಕಿದಾರೆ! ಹೇಗೆ ಸಾಕಬೇಕು ಅಂತ ನಾನು ತೋರಿಸ್ತೀನಿ!"

ಒಂದು ಭಾನುವಾರ ಬೆಳಿಗ್ಗೆ, ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಶುದ್ಧರಾಯರು ಹೀಗೆ ಘೋಷಿಸಿದರು. ಶುದ್ಧರಾಯರು ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಕುಡಿಯುವ ನೀರನ್ನು ಕ್ಯಾನಿಗೆ ತುಂಬಿ ಮಾರುವ ಕಾರ್ಖಾನೆಯಲ್ಲಿ ಅವರು ನೀರಿನ ಪರೀಕ್ಷಕರು. ತೊಳೆದ ಲೋಟವನ್ನು ಮತ್ತೆ ತೊಳೆದು, ಮೂಸಿ, ಬೆಳಕಿಗೆ ಹಿಡಿದು ನೋಡಿ, ಆಮೇಲೂ ಅನುಮಾನದಿಂದಲೇ ಗುಟುಕರಿಸುವ ಮನುಷ್ಯನನ್ನು ಸಹೋದ್ಯೋಗಿಗಳು ಬೇರೆ ಏನೆಂದು ಕರೆಯಬೇಕು?

ಈ ಘೋಷಣೆಗೆ ಕಾರಣ ಅವರ ಭಾವಮೈದುನ, ಅಂದರೆ ಹೆಂಡತಿಯ ತಮ್ಮ. ಯಾವ ಕೆಲಸದಲ್ಲೂ ನೆಟ್ಟಗೆ ನಿಲ್ಲದೆ, ಕೂತಲ್ಲೇ ತೂಕಡಿಸುವ ಆಸಾಮಿ. ಪಕ್ಕದ ಬೀದಿಯಲ್ಲಿದ್ದ ಅವನ ಕೋಣೆಯ ಮೂಲೆಯಲ್ಲೊಂದು ಗಾಜಿನ ತೊಟ್ಟಿ. ಗಾಜಿಗೆಲ್ಲ ಪಾಚಿ, ತಳದಲ್ಲಿ ಕೆಸರು, ನೀರು ಹಸಿರು. ಅದರೊಳಗಿನ ಮೀನುಗಳು ಮಾತ್ರ ಮನೆ ಅಳಿಯಂದಿರ ಹಾಗೆ ತಿಂದು ಕೊಬ್ಬಿ ಓಡಾಡುತ್ತಿದ್ದವು! ಹಿಂದಿನ ಸಂಜೆ ಅದನ್ನು ನೋಡಿ ಶುದ್ಧರಾಯರಿಗೆ ಮೈಯೆಲ್ಲ ಉರಿದಿತ್ತು.

"ನೀರು ಯಾವಾಗ ಬದಲಾಯಿಸ್ತೀಯೋ?"

"ನೆನಪಾದಾಗ ಒಂದು ಚೊಂಬು ತೆಗೆದು, ಒಂದು ಚೊಂಬು ಹಾಕ್ತೀನಿ ಭಾವ."

"ನೆನಪಾಗೋದು ಯಾವಾಗ?"

"ಅದೇ ನೆನಪಿಲ್ಲ ಭಾವ."

ಇಂಥ ಅನಾಗರಿಕನಿಗೆ ಪಾಠ ಕಲಿಸದೆ ಇರುವುದು ಹೇಗೆ? ಮನೆಯಲ್ಲಷ್ಟೇ ಜಂಭ ಕೊಚ್ಚಿಕೊಂಡಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಶುದ್ಧರಾಯರ ಬಾಯಿಗೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ. ಕಾರ್ಖಾನೆಗೆ ಹೋದವರೇ ಮ್ಯಾನೇಜರ ಮುಂದೆ ಎದೆಯುಬ್ಬಿಸಿ, "ನಮ್ಮ ಕ್ಯಾನ್ ನೀರಲ್ಲೇ ಮೀನು ಸಾಕ್ತೀನಿ ಸಾರ್" ಅಂದರು. ಮ್ಯಾನೇಜರಿಗೆ ಕಣ್ಣು ಮಿನುಗಿತು.

"ಏನ್ರೀ ಐಡಿಯಾ! ಸ್ವಾಗತ ಕೋಣೆಯಲ್ಲಿ ದೊಡ್ಡ ತೊಟ್ಟಿ ಇಡೋಣ. 'ನಮ್ಮ ನೀರಲ್ಲಿ ಜೀವ ಇದೆ' ಅಂತ ಬೋರ್ಡ್ ಹಾಕೋಣ. ಏಜೆಂಟರನ್ನೆಲ್ಲ ಕರೆಸೋಣ! ಮೊದಲು ನಿಮ್ಮ ಮನೇಲಿ ಸಾಕಿ ತೋರಿಸಿ. ಸರಿಬಂದ್ರೆ ಮುಖ್ಯ ಪರೀಕ್ಷಕರ ಕುರ್ಚಿ ನಿಮ್ಮದೇ."

ಆ ಕುರ್ಚಿಗೆ ಚಕ್ರಗಳಿದ್ದವು, ತಲೆಗೆ ದಿಂಬಿತ್ತು. ವರ್ಷಗಳಿಂದ ಶುದ್ಧರಾಯರು ಅದನ್ನು ಓರೆಗಣ್ಣಿನಿಂದ ನೋಡುತ್ತಲೇ ಬಂದಿದ್ದರು. ಅಂದು ಸಂಜೆಯೇ ಮನೆಗೆ ಗಾಜಿನ ತೊಟ್ಟಿ ಬಂತು. ಹೆಂಡತಿಯ ಹೊಲಿಗೆ ಯಂತ್ರ ಬಾಲ್ಕನಿಗೆ ಗಡೀಪಾರಾಯಿತು. ಮೀನಿನ ಅಂಗಡಿಯವನು ಬಣ್ಣದ ಕಲ್ಲು, ಪ್ಲಾಸ್ಟಿಕ್ ಕೋಟೆ, ಬಾಯಿ ತೆರೆದು ಮುಚ್ಚುವ ಮೊಸಳೆ, ಎಲ್ಲವನ್ನೂ ಕಟ್ಟಿಕೊಟ್ಟ. ಮೀನು ಬದುಕುವ ದಾರಿಯನ್ನು ಮಾತ್ರ ಹೇಳಲಿಲ್ಲ. "ಸತ್ರೆ ಬನ್ನಿ ಸಾರ್, ನಾವಿದೀವಿ" ಎಂದು ಹಲ್ಲು ಕಿರಿದ. ಅವನ ವ್ಯಾಪಾರ ನಿಂತಿರುವುದೇ ಶುದ್ಧರಾಯರಂಥ ಮಹಾನುಭಾವರ ಮೇಲೆ!

ಮರುದಿನದಿಂದ ಶುದ್ಧೀಕರಣ ಶುರುವಾಯಿತು. ಬೆಳಿಗ್ಗೆ ಎದ್ದ ಕೂಡಲೇ ತಲೆಗೆ ಪ್ಲಾಸ್ಟಿಕ್ ಟೋಪಿ, ಕೈಗೆ ಗ್ಲೌಸು. ಮೀನುಗಳನ್ನು ಹಿಡಿದು ಸ್ಟೀಲ್ ಪಾತ್ರೆಗೆ ಹಾಕುವುದು, ಇದ್ದ ನೀರನ್ನೆಲ್ಲ ಚೆಲ್ಲುವುದು, ಕಲ್ಲುಗಳನ್ನು ಕುದಿಯುವ ನೀರಿನಲ್ಲಿ ಬೇಯಿಸುವುದು, ಫಿಲ್ಟರಿನ ಸ್ಪಂಜನ್ನು ಬೆಳ್ಳಗಾಗುವವರೆಗೆ ಹಿಂಡುವುದು, ಹೊಸ ಕ್ಯಾನಿನ ಮುಚ್ಚಳ ಒಡೆದು ಸುರಿಯುವುದು! ಪಾಪ, ಆ ಮೀನುಗಳು ಕೋಟೆಗಿಂತ ಹೆಚ್ಚು ಕಾಲ ಪಾತ್ರೆಯಲ್ಲೇ ಸಂಸಾರ ಮಾಡಿದವು.

"ಮಗಳು ಹುಟ್ಟಿದಾಗ ಒಂದು ದಿನವಾದ್ರೂ ಇಷ್ಟು ಕೈ ತೊಳ್ಕೊಂಡಿದ್ರಾ?" ಎಂದು ಹೆಂಡತಿ ಕೇಳಿದಳು.

"ನಿನಗೆ ವಿಜ್ಞಾನ ಅರ್ಥವಾಗಲ್ಲ."

"ನಾವು ಕುಡಿಯೋದು ನಲ್ಲಿ ನೀರು, ಮೀನಿಗೆ ಕ್ಯಾನ್ ನೀರು. ಇದ್ಯಾವ ವಿಜ್ಞಾನ ಅಂತ ನನಗೂ ಅರ್ಥವಾಗ್ತಿಲ್ಲ ಬಿಡಿ!"

ವಾರ ಕಳೆಯುವುದರೊಳಗೆ ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿ ತೇಲಿದವು. ಕೊಳಕು ಉಳಿದಿರಬೇಕೆಂದು ರಾಯರು ಮತ್ತಷ್ಟು ತಿಕ್ಕಿದರು. ಅಂಗಡಿಯಿಂದ ಮತ್ತೆ ಮೀನು ಬಂತು, ಮತ್ತೆ ತೇಲಿತು. ತೊಟ್ಟಿ ಮಾತ್ರ ಫಳಫಳ ಹೊಳೆಯುತ್ತಿತ್ತು, ಮೊಸಳೆಯೊಂದೇ ಬಾಯಿ ತೆರೆದು ಮುಚ್ಚುತ್ತಿತ್ತು.

"ಆ ಮೊಸಳೆಗೆ ಜೀವ ಇಲ್ಲದ್ದೇ ಒಳ್ಳೆಯದಾಯ್ತು ನೋಡಿ," ಎಂದಳು ಹೆಂಡತಿ. "ಇದ್ದಿದ್ರೆ ಅದೂ ಹೋಗಿರ್ತಿತ್ತು!"

ಆಗ ಶುದ್ಧರಾಯರಿಗೆ ಹೊಳೆಯಬೇಕಾದದ್ದು ಹೊಳೆಯಿತು. ಊರಿಗೆಲ್ಲ ಮಾರುವ ನೀರಿನಲ್ಲಿ ಮೀನು ಸಾಯುತ್ತದೆ ಎಂಬ ಸುದ್ದಿ ಹೊರಬಿದ್ದರೆ ಆ ನೀರನ್ನು ಕುಡಿಯುವವರು ಯಾರು? ಕುರ್ಚಿಯ ಮಾತು ಹಾಗಿರಲಿ, ಈಗಿರುವ ಸ್ಟೂಲೂ ಹೋಗುತ್ತದೆ! ಅದೇ ಹೊತ್ತಿಗೆ ಮ್ಯಾನೇಜರ ಫೋನು: "ಭಾನುವಾರ ಬರ್ತೀನಿ ಕಣ್ರೀ, ಮೀನು ನೋಡೋಕೆ."

ಶನಿವಾರ ಶುದ್ಧರಾಯರು ಮಾನ ಮರ್ಯಾದೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಭಾವಮೈದುನನ ಬಾಗಿಲು ತಟ್ಟಿದರು. ಕೊಳಕು ಎಂದು ಯಾವುದಕ್ಕೆ ಮೂಗು ಮುರಿದಿದ್ದರೋ ಅದನ್ನೇ ಬಕೆಟ್ಟುಗಳಲ್ಲಿ ತುಂಬಿ ಹೊತ್ತು ತಂದರು. ಅದೇ ಹಸಿರು ನೀರು, ಅದೇ ಕೆಸರು ಮೆತ್ತಿದ ಕಲ್ಲು, ಅದೇ ಕೊಬ್ಬಿದ ಮೀನು. ಜೊತೆಗೆ ಬಂದ ಭಾವಮೈದುನ ವಾಪಸ್ಸು ಹೋಗಲು ಬೇಜಾರೆಂದು ಸೋಫಾದ ಮೇಲೆಯೇ ಉಳಿದುಬಿಟ್ಟ.

ಭಾನುವಾರ ಮ್ಯಾನೇಜರು ಬಂದರು. ಮೀನುಗಳು ಜೋರಾಗಿ ಓಡಾಡಿ ರಾಯರ ಮಾನ ಕಾಪಾಡಿದವು. ಆದರೆ ಮ್ಯಾನೇಜರು ಕಣ್ಣು ಕಿರಿದು ಮಾಡಿ ಬಾಗಿ ನೋಡಿದರು.

"ಇದು ನಮ್ಮ ನೀರೇನಾ?"

ಅಲ್ಲ ಎಂದರೆ ಕುರ್ಚಿ ಹೋಯಿತು. "ನಮ್ಮದೇ ಸಾರ್, ಅಪ್ಪಟ ನಮ್ಮದೇ!" ಎಂದುಬಿಟ್ಟರು ರಾಯರು.

"ಹಾಗಾದ್ರೆ ಒಂದು ಲೋಟ ಕುಡಿದು ತೋರಿಸಿ."

ಹೆಂಡತಿ ಎಲ್ಲಿದ್ದಳೋ, ಲೋಟ ಹಿಡಿದು ಹಾಜರಾದಳು. "ತೊಳೆದಿದೀನಿ. ಬೇಕಾದ್ರೆ ಮೂಸಿ ನೋಡಿ!" ಎಂದಳು. ಶುದ್ಧರಾಯರು ಮೂಸಲಿಲ್ಲ. ಮೂಸಿದ್ದರೆ ಅಲ್ಲೇ ಬೀಳುತ್ತಿದ್ದರು. ತಲೆದಿಂಬಿನ ಕುರ್ಚಿಯನ್ನು ನೆನೆದು, ಕಣ್ಣು ಮುಚ್ಚಿ, ಗಟಗಟ ಕುಡಿದೇಬಿಟ್ಟರು!

"ಭೇಷ್," ಎಂದರು ಮ್ಯಾನೇಜರು. "ಹಾಗಾದ್ರೆ ನಮ್ಮ ಕಾರ್ಖಾನೆಯಿಂದ ಇಂಥ ಹಸಿರು ನೀರು ಹೊರಗೆ ಹೋಗ್ತಿದೆ. ಇದನ್ನ ಪರೀಕ್ಷೆ ಮಾಡಿ ಪಾಸ್ ಮಾಡಿದ್ದು ಯಾರು? ನೀವೇ ತಾನೇ?"

ರಾಯರ ಮುಖ ಇಂಗು ತಿಂದ ಮಂಗನಂತಾಯಿತು. ಒಳಗೆ ಹೋದ ನೀರು ವಾಪಸ್ಸು ಬರುವ ಮೊದಲೇ ನಿಜ ಬಾಯಿಗೆ ಬಂತು. "ಅಲ್ಲ ಸಾರ್, ಇದು ನಮ್ಮ ನೀರಲ್ಲ! ನಮ್ಮ ನೀರಲ್ಲಿ ಬಿಟ್ಟ ಮೀನೆಲ್ಲ ಸತ್ತವು! ದಿನಾ ತೊಳೆದು ತಿಕ್ಕಿದೆ ಸಾರ್, ಆದ್ರೂ ಸತ್ತವು!"

"ಶ್! ಮೆಲ್ಲಗೆ!" ಮ್ಯಾನೇಜರು ಓಡಿಹೋಗಿ ಕಿಟಕಿ ಮುಚ್ಚಿದರು. ಏಜೆಂಟರಿಗೆ ಆಗಲೇ ಆಹ್ವಾನ ಹೋಗಿತ್ತು. "ಮತ್ತೆ ಇವನ್ನ ಬದುಕಿಸಿದ್ದು ಯಾರು?"

ಹೆಂಡತಿ ಸೋಫಾದ ಕಡೆ ಬೆರಳು ತೋರಿಸಿದಳು. ಮ್ಯಾನೇಜರು ಭಾವಮೈದುನನ ಭುಜ ಅಲುಗಾಡಿಸಿ ಎಬ್ಬಿಸಿದರು.

"ಮೀನಿಗೆ ಏನು ಮಾಡ್ತೀಯಪ್ಪಾ ನೀನು?"

"ಏನೂ ಮಾಡಲ್ಲ ಸಾರ್."

"ಅದನ್ನೇ ನಾಳೆಯಿಂದ ನಮ್ಮ ಕಾರ್ಖಾನೆಗೆ ಬಂದು ಮಾಡು!"

ಈಗ ಸ್ವಾಗತ ಕೋಣೆಯಲ್ಲಿ ದೊಡ್ಡ ತೊಟ್ಟಿಯಿದೆ. ಭಾವಮೈದುನ ಮೀನುಗಳಿಗೆ ಒಗ್ಗಿಹೋದ ತನ್ನ ಹಳೆಯ ನೀರಿಗೆ ಕ್ಯಾನಿನ ನೀರನ್ನು ದಿನಕ್ಕೊಂದು ಚೊಂಬಿನಂತೆ ಬೆರೆಸುತ್ತಾನೆ. ಅದಕ್ಕಿಂತ ಹೆಚ್ಚು ಎತ್ತಲು ಅವನಿಗೆ ಕೈನೋವು. ಮೀನುಗಳು ಮರಿ ಹಾಕಿವೆ. "ನನ್ನ ತಮ್ಮನಿಗೊಂದು ಕೆಲಸ ಕೊಡಿಸಿ ಅಂತ ಎಷ್ಟು ವರ್ಷದಿಂದ ಕೇಳ್ತಿದ್ದೆ, ಕೊನೆಗೂ ಕೊಡಿಸಿದ್ರಿ ನೋಡಿ!" ಎಂದು ಹೆಂಡತಿ ಕಂಡಕಂಡವರ ಮುಂದೆಲ್ಲ ಗಂಡನನ್ನು ಹೊಗಳುತ್ತಿದ್ದಾಳೆ. ಇಡೀ ದಿನ ಮೀನಿನ ಪಕ್ಕದಲ್ಲಿ ಕೂರುವವನಿಗೆ ಬೆನ್ನುನೋವು ಬರಬಾರದೆಂದು ಮ್ಯಾನೇಜರು ಆ ಚಕ್ರದ ಕುರ್ಚಿಯನ್ನು ಅವನಿಗೇ ಕೊಟ್ಟುಬಿಟ್ಟರು.

ಬೆಳಿಗ್ಗೆ ಶುದ್ಧರಾಯರು ಕೆಲಸಕ್ಕೆ ಬರುವಾಗ ಆ ಕುರ್ಚಿಯ ಮುಂದೆಯೇ ಹಾದು ಹೋಗಬೇಕು. ಭಾವಮೈದುನ ದಿಂಬಿಗೆ ಒರಗಿದವನು ಒಂದೇ ಕಣ್ಣು ತೆರೆಯುತ್ತಾನೆ.

"ಭಾವ, ಕೈ ಹಿಂದಕ್ಕೆ ಕಟ್ಕೊಂಡು ಹೋಗಿ. ನಿಮ್ಮ ಕೈ ಕಂಡ್ರೆ ಮೀನುಗಳು ಮೂಲೆ ಸೇರ್ತವೆ."

ಮುಖ್ಯ ಪರೀಕ್ಷಕರಾಗಬೇಕಿದ್ದ ಶುದ್ಧರಾಯರು ಕೈ ಹಿಂದಕ್ಕೆ ಕಟ್ಟಿಕೊಂಡು, ಸದ್ದು ಮಾಡದೆ ಒಳಗೆ ಹೋಗುತ್ತಾರೆ.