ಬ್ರೆಜಿಲ್ ತಾಳ, ಕೋಲಾರದ ಕಿವಿ

ಮೌತ್ ಆರ್ಗನ್ ಊದುವವನಿಗೆ ಅವಮಾನಗಳನ್ನು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ, ಅವೇ ಮನೆಗೆ ಬರುತ್ತವೆ. ನಾನು ವೇಮಗಲ್‌ನ ಕಾರ್ಖಾನೆಯೊಂದರಲ್ಲಿ ನಟ್ಟು ಬೋಲ್ಟು ಪರೀಕ್ಷಿಸುವವನು. ಆರು ವರ್ಷ ಊದಿ ಊದಿ, ಬ್ರೆಜಿಲ್ಲಿನ ಸಾಂಬಾ, ಕ್ಯೂಬಾದ ತಾಳ ಎಲ್ಲ ಬೆರೆಸಿ ಒಂದು ಜಾಜ್ ಆಲ್ಬಂ ಮಾಡಿದೆ. ಒಟ್ಟು ನಲವತ್ತು ನಿಮಿಷ. ಒಬ್ಬರಾದರೂ ಅದನ್ನು ಪೂರ್ತಿ ಕೇಳಬೇಕು ಅನ್ನೋದೊಂದೇ ನನ್ನ ಆಸೆ. ಹೆಂಡತಿಯನ್ನು ನಂಬುವಂತಿಲ್ಲ. ನಾನು ಊದಲು ಕೂತರೆ ಅವಳಿಗೆ ಮಿಕ್ಸಿ ನೆನಪಾಗುತ್ತದೆ.

ಕಂಪನಿ ಬಸ್ಸಿನಲ್ಲಿ

ಮೊದಲು ನಮ್ಮ ಕಂಪನಿ ಬಸ್ಸಿನಲ್ಲಿ ಹಾಕಿಸಿದೆ. ಪಕ್ಕದ ಸೀಟಿನ ಸಹೋದ್ಯೋಗಿ ಎರಡು ಟ್ಯೂನು ತುಟಿಪಿಟಕ್ಕೆನ್ನದೆ ಕೇಳಿದರು. ನನ್ನ ಎದೆ ಉಬ್ಬಿತು. ಮೂರನೆಯದು ಶುರುವಾದಾಗ ಮೆಲ್ಲಗೆ ಕೇಳಿದರು:

"ಹಾಡೋರು ಯಾವಾಗ ಬರ್ತಾರೆ ಸಾರ್?"

"ಇದರಲ್ಲಿ ಹಾಡೋರು ಇಲ್ಲ."

"ಅಯ್ಯೋ ಪಾಪ, ಕೊನೇ ಗಳಿಗೇಲಿ ಕೈ ಕೊಟ್ರಾ?"

ಮಾವಿನ ತೋಟದಲ್ಲಿ

ಶ್ರೀನಿವಾಸಪುರದ ಚಿಕ್ಕಪ್ಪ ಫೋನ್ ಮಾಡಿ, ತಾವೇ ಕೇಳಿ ಆಲ್ಬಂ ತರಿಸಿಕೊಂಡರು. ವಂಶದಲ್ಲಿ ಒಬ್ಬರಾದರೂ ರಸಿಕರಿದ್ದಾರಲ್ಲ ಎಂದು ಹಿಗ್ಗಿದೆ. ಆಮೇಲೆ ತಿಳಿಯಿತು, ಕೋತಿ ಓಡಿಸಲು ತೋಟದಲ್ಲಿ ಸ್ಪೀಕರ್ ಕಟ್ಟಿದ್ದರಂತೆ. ವಾರ ಬಿಟ್ಟು ಮತ್ತೆ ಫೋನು, ಹಾಡಿಗೆ 'ಪಾಟ' ಅನ್ನುವ ನಮ್ಮ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ.

"ಏಮ್ರಾ, ಏನ್ ಪಾಟ ಕೊಟ್ಟಿದೀಯೋ? ಮೊದಲ್ನೇ ದಿನ ಓಡಿದ್ವು. ಈಗ ಪಕ್ಕದ ತೋಟದ ಕೋತಿಗಳೂ ಬಂದು ಕೂತ್ಕೊಂಡು, ಕಾಯಿ ತಿಂತಾ ಕೇಳ್ತವೆ ಕಣೋ!"

ಪೂರ್ತಿ ಕೇಳಿದವರು ಸಿಕ್ಕಿದ್ದರು. ಆದರೆ ಅಭಿಪ್ರಾಯ ಕೇಳುವ ಹಾಗಿರಲಿಲ್ಲ.

ನಮ್ಮ ಬೀದಿಯಲ್ಲಿ

ಕೋಲಾರದ ನಮ್ಮ ಬೀದಿಗೆ ಬರುವ ಕಸದ ಗಾಡಿ ಹಾಡು ಹಾಕಿಕೊಂಡೇ ಬರುತ್ತದೆ. ಹಾಡು ನಿಂತರೆ ಗಾಡಿ ಹೊರಟಿತೆಂದು ಅರ್ಥ. "ಅದೇ ಪಾಟ ಕೇಳಿ ತಲೆ ಕೆಟ್ಟೋಯ್ತು ಸಾರ್, ಹೊಸದು ಏನಾದ್ರೂ ಕೊಡಿ" ಎಂದ ಡ್ರೈವರ್. ಪೆನ್‌ಡ್ರೈವ್ ಕೊಟ್ಟೆ.

ಮಾರನೆಯ ಬೆಳಿಗ್ಗೆ ಸಾಂಬಾ ಮೊಳಗಿದ್ದೇ ತಡ, ಬೀದಿಗೆ ಬೀದಿಯೇ ಬಾಗಿಲು ತೆಗೆದು ಹೊರಗೆ ಬಂತು, ಕೈಯಲ್ಲಿ ಬಕೆಟ್ಟು. ಇರಲಿ, ಸಭಿಕರು ಸಭಿಕರೇ. ಅರ್ಧಕ್ಕೇ ಡ್ರೈವರ್ ಹಾಡು ನಿಲ್ಲಿಸಿದ. ಎದುರು ಮನೆಯ ಆಂಟಿ ಬೀದಿ ಅದುರುವಂತೆ ಕೂಗಿದರು:

"ಯಾಕಪ್ಪಾ ನಿಲ್ಲಿಸ್ದೆ? ಹಾಕು, ಪೂರ್ತಿ ಹಾಕು!"

ಆರು ವರ್ಷ ಕಾದ ಮಾತು! ಕಣ್ಣು ತುಂಬಿ ಬಂತು. ಗೇಟಿಗೆ ಓಡಿದೆ.

"ಅದು ನಾನೇ ನುಡಿಸಿದ್ದು ಆಂಟಿ. ಅಷ್ಟು ಇಷ್ಟ ಆಯ್ತಾ?"

"ಅದೆಲ್ಲಾ ಆಮೇಲೆ ಕಣಪ್ಪಾ, ಮೊದಲು ಹಾಕ್ಸು. ಹಸಿ ಕಸ ಮಾತ್ರ ತಂದಿದೀನಿ, ಒಣ ಕಸ ಇನ್ನೂ ಒಳಗೇ ಇದೆ!"