ಊಟದ ಮೇಜಿನ ಮೇಲೆ ಲೂಡೋ

ಕನ್ನಡಕದ ಅಂಗಡಿಯ ಯಜಮಾನರಿಗೆ ತಮ್ಮ ಮನೆಯ ಮೇಲಿದ್ದದ್ದು ಒಂದೇ ದೂರು: ಗೋಡೆ ಸಾಲದು. ಇದ್ದ ಗೋಡೆಗಳೆಲ್ಲ ಭರ್ತಿ. ಮುಟ್ಟಿದರೆ ಕೈಗೆ ಪುಡಿ ಹತ್ತೀತು ಎನ್ನಿಸುವಂಥ ಕೇರಂ ಬೋರ್ಡಿನ ಚಿತ್ರ, ಕಿವಿ ಮುರಿದ ಚದುರಂಗದ ಕುದುರೆಯ ಚಿತ್ರ, ಸಿನಿಮಾ ನಾಯಕನ ಮುಖವಿರುವ ಬೆಂಕಿಪೊಟ್ಟಣದ ಚಿತ್ರ. ಎಲ್ಲವೂ ಒಬ್ಬನೇ ಚಿತ್ರಗಾರನ ಕೈಚಳಕ. ಆತ ವರ್ಷಕ್ಕೆ ಐದೇ ಬರೆಯುತ್ತಾನೆ. ಸಂಗ್ರಾಹಕ ಮಹಾಶಯರು (ಎಂದರೆ ನಮ್ಮ ಯಜಮಾನರು ಮತ್ತು ಇಂಥವರೇ ಇನ್ನಿಬ್ಬರು) ಸರದಿಯಲ್ಲಿ ಕಾಯುತ್ತಾರೆ.

"ಇನ್ನೊಂದು ಬಂದ್ರೆ ನನ್ನ ಬೆನ್ನಿಗೇ ಮೊಳೆ ಹೊಡೀಬೇಕು ನೀವು," ಎಂದಿದ್ದಳು ಹೆಂಡತಿ.

"ಇದೇ ಕಡೇದು ಕಣೇ."

"ಕುದುರೆ ಬಂದಾಗ್ಲೂ ಇದನ್ನೇ ಹೇಳಿದ್ರಿ."

ಈ ಕಡೆಯದು ಲೂಡೋ. ಎಂಟು ತಿಂಗಳಿಂದ ಯಜಮಾನರಿಗೆ ಅದರದೇ ಧ್ಯಾನ. ಗಿರಾಕಿಯ ಕಣ್ಣಿಗೆ ಗಾಜು ಹಿಡಿದು "ಈಗ ಹೇಗೆ ಕಾಣತ್ತೆ?" ಎಂದು ಕೇಳುವಾಗಲೂ ತಮಗೆ ಕಾಣುತ್ತಿದ್ದದ್ದು ಕೆಂಪು, ಹಸಿರು, ಹಳದಿ, ನೀಲಿ ಮನೆಗಳೇ.

ಕಡೆಗೂ ಚಿತ್ರ ಬಂತು. ಚೌಕಟ್ಟು ಹಾಕಿಸಿರಲಿಲ್ಲ. ಊಟದ ಮೇಜಿನ ಮೇಲೆ ಅದನ್ನು ಅಂಗಾತ ಮಲಗಿಸಿ, ಹೆಂಡತಿಗೆ ಹೇಳಬೇಕಾದ ಸುಳ್ಳನ್ನು ಜೋಡಿಸಿಕೊಳ್ಳುತ್ತ ಬಚ್ಚಲಿಗೆ ಹೋದರು. ಕೈಕಾಲು ತೊಳೆದು ಬಂದರೆ ಆಕೆ ಮೇಜಿನ ಮುಂದೆ ಕೂತಿದ್ದಳು. ತಲೆ ಬಾಚಿಕೊಂಡಿದ್ದಳು. ಎರಡು ಲೋಟ ಚಹಾ ಇಟ್ಟು, ಎದುರಿನ ಕುರ್ಚಿಯನ್ನು ಇವರಿಗಾಗಿ ಎಳೆದಿದ್ದಳು. ಆ ಮುಖದಲ್ಲಿ ಅಂಥ ಖುಷಿ ನೋಡಿ ಯಜಮಾನರಿಗೆ ಎಷ್ಟು ವರ್ಷವಾಗಿತ್ತೋ.

"ಬನ್ನಿ. ಕೆಂಪು ನಂದು," ಎಂದು ದಾಳಕ್ಕೆ ಕೈ ಹಾಕಿದಳು. ದಾಳ ಏಳಲಿಲ್ಲ. ಉಗುರಿನಿಂದ ಕೆರೆದಳು.

ಯಜಮಾನರು ಒಂದೇ ನೆಗೆತಕ್ಕೆ ಮೇಜಿನ ಬಳಿ ಬಂದರು. "ಕೆರೀಬೇಡ ಕಣೇ, ಅದು ಚಿತ್ರ."

ಆಕೆ ಕೈ ಹಿಂದಕ್ಕೆ ತೆಗೆದಳು. "ನಮ್ಮದೇ ಬೋರ್ಡು ಅಂದ್ಕೊಂಡೆ. ಮದುವೆಯಾದ ವರ್ಷ ನೀವು ಚಹಾ ಚೆಲ್ಲಿದ ಕಲೆನೂ ಇದೆಯಲ್ಲ ಇಲ್ಲಿ. ಎಷ್ಟು ತಿಂಗಳಿಂದ ಹುಡುಕ್ತಿದ್ದೆ ಅದನ್ನ. ನೀವು ಬೇಗ ಬಂದ ದಿನ ಮೊದಲಿನ ಹಾಗೆ ಆಡೋಣ ಅಂತ ಆಸೆ. ಇವತ್ತು ನೀವೇ ಹುಡುಕಿ ಇಟ್ಟಿದ್ದೀರೇನೋ ಅಂತ..."

ಯಜಮಾನರು ಜೋಡಿಸಿಕೊಂಡಿದ್ದ ಸುಳ್ಳನ್ನು ನುಂಗಿಕೊಂಡು, ಚಿತ್ರವನ್ನು ಆಕೆಯ ಉಗುರಿನಿಂದ ಒಂದು ಗೇಣು ದೂರ ಸರಿಸಿದರು.

"ನಮ್ಮದು ಎಲ್ಲಿದೆ?"

"ನೋಡ್ಕೊಂಡು ಬರೆಯೋಕೆ ಅವನಿಗೆ ಕೊಟ್ಟಿದ್ದೆ."

"ಆಮೇಲೆ?"

"ಹಳೇದು, ಹರಿದುಹೋಗಿದೆ, ಕೆಲಸ ಮುಗಿದ ಮೇಲೆ ಬಿಸಾಕಿಬಿಡಿ ಅಂದೆ."

ಆಕೆ ಬೈಯಲಿಲ್ಲ. ಬೈದಿದ್ದರೆ ಬಡಜೀವ ಬದುಕಿಕೊಳ್ಳುತ್ತಿತ್ತು. ತನ್ನ ಲೋಟ ಎತ್ತಿಕೊಂಡು ಎದ್ದಳು.

"ಕೂತ್ಕೊಳ್ಳಿ. ಆರು ಬಿದ್ರೆ ತಾನೇ ಆಟ ಶುರು? ಬಿದ್ದಾಗ ಕರೀರಿ, ಬರ್ತೀನಿ."

ಯಜಮಾನರು ಎಳೆದಿಟ್ಟ ಕುರ್ಚಿಯಲ್ಲಿ ಕೂತು ದಾಳವನ್ನು ನೋಡಿದರು. ಚಿತ್ರಗಾರ ಅದರ ಮೇಲೆ ಬಹು ಅಚ್ಚುಕಟ್ಟಾಗಿ ಮೂರು ಚುಕ್ಕೆ ಇಟ್ಟಿದ್ದ.