ಎಮ್ಮೆ ಬೆಲೆಯ ಲಕ್ಷ್ಮಿ

ದೇವರ ಫೋಟೊ ಅಸಲೋ ನಕಲೋ ಹೇಳುವುದು ಡ್ರಾಯಿಂಗ್ ಟೀಚರ ಕೆಲಸವೆಂದು ಚಿಕ್ಕೋಡಿಯಲ್ಲಿ ಯಾರು ಠರಾವು ಮಾಡಿದರೋ ಗೊತ್ತಿಲ್ಲ, ನನ್ನ ಮನೆಗೆ ಮಾತ್ರ ದೇವರುಗಳು ಬರುತ್ತಲೇ ಇದ್ದರು. ತೊಂಬತ್ತರ ಸುಮಾರಿಗೆ ಮಿರಜ ಕಡೆಯ ವ್ಯಾಪಾರಿಯೊಬ್ಬ ಹಳೆಯ ಅಚ್ಚುಚಿತ್ರ ಕೊಳ್ಳಲು ಊರೂರು ತಿರುಗುತ್ತಿದ್ದ. ಎಂದೋ ತೀರಿಹೋದ ಒಬ್ಬ ಹೆಸರಾಂತ ಚಿತ್ರಕಾರನ ಲಕ್ಷ್ಮಿ, ಸರಸ್ವತಿಯರೇ ಎಲ್ಲರ ಗೋಡೆಯ ಮೇಲೂ. ಮೊದಲಿನ ಅಚ್ಚಾದರೆ ಎಮ್ಮೆ ಕೊಳ್ಳುವಷ್ಟು ರೊಕ್ಕ. ಆಮೇಲಿನ ನಕಲಾದರೆ ಎಮ್ಮೆಯ ಹಗ್ಗವೂ ಬಾರದು.

೧. ಸ್ವಚ್ಛ ಸರಸ್ವತಿ

ರಾಯಬಾಗದ ಅಜ್ಜಿಯೊಬ್ಬರು ಚಿತ್ರವೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದರು. "ಹೊಗಿ ಹಿಡದಿತ್ತವ್ವಾ, ನಿನ್ನ ಮುಂದ ಹಂಗ ಹೆಂಗ ತರೂದಂತ ಸಾಬಾಣ ಹಚ್ಚಿ ತಿಕ್ಕೇನಿ."

ವೀಣೆ ಇತ್ತು, ನವಿಲಿತ್ತು. ಸರಸ್ವತಿ ಬಚ್ಚಲಿಗೆ ಹೋಗಿದ್ದಳು.

೨. ಪುಕಟ ಕತ್ತರಿ

ಅಸಲಿಯ ಗುರುತೆಂದರೆ ಕೆಳಗಿನ ಬಿಳಿ ಅಂಚಿನಲ್ಲಿರುವ, ಅದನ್ನು ಅಚ್ಚು ಹಾಕಿದ ಛಾಪಖಾನೆಯ ಹೆಸರು. ಅಥಣಿಯ ಸಾವಕಾರರು ತಂದ ಚಿತ್ರಕ್ಕೆ ಅಂಚೇ ಇರಲಿಲ್ಲ. ಚೌಕಟ್ಟು ಹಾಕಿದವನನ್ನು ವಿಚಾರಿಸಿದೆವು.

"ಆ ಬಿಳೇ ಪಟ್ಟಿ ಏನ ಛಂದರಿ, ಬಾಯಾರ? ಊರಾಗ ಎಲ್ಲಾರದೂ ಕತ್ತರಿಸಿ ಕೊಟ್ಟೇನಿ. ಅದಕ್ಕ ಒಂದ ಪೈಸಾ ತಗೊಂಡಿಲ್ಲ!"

೩. ವೈನಿಯ ಲಕ್ಷ್ಮಿ

ಅತ್ತಿಗೆಯೆಂಬ ಸಲಿಗೆಯಿಂದ ನಾನು ವೈನಿ ಎನ್ನುವ ಎದುರುಮನೆಯಾಕೆಗೆ ತವರಿನಿಂದ ಬಂದು ಉಳಿದದ್ದು ಒಂದು ಲಕ್ಷ್ಮಿ ಚಿತ್ರ ಮಾತ್ರ. ಅವರ ಯಜಮಾನರಾದ ಅಣ್ಣಾರಿಗೆ ಅದನ್ನು ಮಾರುವ ಆತುರ. ನನಗೆ ತೋರಿಸಲು ತಂದಾಗ, ಅವರ ಬೆನ್ನ ಹಿಂದೆ ನಿಂತ ವೈನಿ 'ನಕಲಿ ಅನ್ರಿ' ಎಂದು ಸನ್ನೆ ಮಾಡಿ ಕೈಮುಗಿದರು.

ಭೂತಗನ್ನಡಿ ಹಿಡಿದೆ. ಅಂಚಿತ್ತು, ಛಾಪಖಾನೆಯ ಹೆಸರೂ ಇತ್ತು. ಸುಳ್ಳಿಗೆ ನಾಲಿಗೆ ಏಳಲಿಲ್ಲ.

"ಅಸಲಿ ಐತ್ರಿ, ಅಣ್ಣಾರ."

ವೈನಿಯ ಮುಖ ಬಾಡಿತು. ಅಣ್ಣಾರು ಅರಳಿದರು. "ಹಂಗಾದ್ರ ಸಹಿ ಮಾಡಿ, ಶಿಕ್ಕಾ ಹೊಡದ ಕೊಡ್ರಿ."

"ನನಗೆಲ್ಲಿ ಶಿಕ್ಕಾರಿ? ನಾ ಏನ ಆಫೀಸರ್ ಏನ್ರಿ?" ಎಂದು ಸಹಿ, ಮುದ್ರೆ ಎರಡರಿಂದಲೂ ಜಾರಿಕೊಂಡೆ.

ಮರುದಿನ ವ್ಯಾಪಾರಿ ಬಂದ. ಅವರ ಪಡಸಾಲೆಗೆ ನನ್ನನ್ನೂ ಕರೆದರು. ಚಿತ್ರ ಬಿಚ್ಚಿದ ವ್ಯಾಪಾರಿ ತಲೆ ಹಿಡಿದುಕೊಂಡ. ಲಕ್ಷ್ಮಿಯ ಸೀರೆಯ ಮೇಲೆ ನೇರಳೆ ಬಣ್ಣದ ದುಂಡು ಶಿಕ್ಕಾ, ಅದರಡಿ ಹಸಿರು ಶಾಯಿಯ ಉದ್ದನೆಯ ಸಹಿ!

"ಅರೇ ದೇವಾ! ಇದೇನ್ರಿ?"

"ಅಟೆಸ್ಟ್ ಮಾಡಿಸೇನ್ರಿ!" ಅಣ್ಣಾರು ಎದೆಯುಬ್ಬಿಸಿದರು. "ಗೆಜೆಟೆಡ್ ಆಫೀಸರ್ ಕಡಿಂದ. ಇನ್ನ ಯಾರೂ ನಕಲಿ ಅನ್ನಂಗಿಲ್ಲ."

"ಯಾವ ಆಫೀಸರ್ರಿ?"

"ನಮ್ಮ ದನದ ಡಾಕ್ಟರು."

ವ್ಯಾಪಾರಿ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ. ವೈನಿ ಲಕ್ಷ್ಮಿಯನ್ನು ಮತ್ತೆ ಗೋಡೆಗೇರಿಸಿ ಕುಂಕುಮ ಹಚ್ಚಿದರು. ಚೂರು ಆ ಶಿಕ್ಕಾಕ್ಕೂ ಹಚ್ಚಿದರು. ಆಮೇಲೆ ಸೆರಗಿನಿಂದ ನಗು ಒರೆಸಿಕೊಂಡು ಅಣ್ಣಾರತ್ತ ತಿರುಗಿದರು.

"ಡಾಕ್ಟರ ಕೈಗುಣಾ ಭಾಳ ಛಲೋ ಐತ್ರಿ. ನಮ್ಮ ಓಡಿಹೋಗೂ ಆಕಳಿಗೂ ಒಂದ ಶಿಕ್ಕಾ ಹೊಡಿಸ್ಕೊಂಡ ಬರ್ರಿ!"